ಅರ್ಧ, ಅರ್ಧದ ಅರ್ಧ: ಹದಿನಾರರ ಲೆಕ್ಕ

ದೀಪಾವಳಿಗೆ ಅಮ್ಮ ಕೊಬ್ಬರಿ ಮಿಠಾಯಿ ಮಾಡುತ್ತಾರೆ. ತುಪ್ಪ ಸವರಿದ ಚೌಕದ ತಟ್ಟೆಗೆ ಸುರಿದು, ಬಟ್ಟಲಿನ ತಳದಿಂದ ಒತ್ತಿ ಸಮ ಮಾಡಿ, ಬಿಸಿ ಆರುವ ಮುಂಚೆಯೇ ಚಾಕು ಹಿಡಿಯುತ್ತಾರೆ. ಮೊದಲ ಗೆರೆ ಸರಿಯಾಗಿ ನಡುವೆ. ಆಮೇಲೆ ಆ ಎರಡು ಭಾಗಗಳ ನಡುವೆ ಒಂದೊಂದು. ತಟ್ಟೆ ತಿರುಗಿಸಿ ಮತ್ತೆ ಹಾಗೇ ಮೂರು ಗೆರೆ. ಹದಿನಾರು ತುಂಡು ರೆಡಿ. ಒಂದೂ ದೊಡ್ಡದಿಲ್ಲ, ಒಂದೂ ಚಿಕ್ಕದಿಲ್ಲ.

ಈ ಸಲ ನೆಂಟರು ಜಾಸ್ತಿ ಇದ್ದರು. "ಉದ್ದಕ್ಕೂ ಅಡ್ಡಕ್ಕೂ ಐದೈದು ಸಾಲು ಮಾಡಮ್ಮ" ಅಂದೆ. "ಐದು ಕಣ್ಣಳತೆಗೆ ಸಿಗಲ್ಲ ಕಣೋ" ಅಂದರು.

ಎಷ್ಟು ನಿಜ ಅಲ್ವಾ! ಹತ್ತು ನಮ್ಮ ಬೆರಳುಗಳಿಂದ ಬಂದ ಸಂಖ್ಯೆ. ಎಣಿಸಲು ಅದು ಚೆನ್ನ. ಆದರೆ ಹಂಚುವುದು ಬೇರೆಯದೇ ಕೆಲಸ. ಹಂಚುವಾಗ ಕಣ್ಣು ಮೋಸ ಹೋಗದೆ ಮಾಡಬಲ್ಲದ್ದು ಒಂದೇ, ಅರ್ಧ ಮಾಡುವುದು. ದಾರವನ್ನು ಮಡಚಿ ತುದಿಗೆ ತುದಿ ಸೇರಿಸಿದರೆ ಅರ್ಧ. ಅದನ್ನೇ ಇನ್ನೊಮ್ಮೆ ಮಡಚಿದರೆ ಕಾಲು. ನಾಲ್ಕು ಸಲ ಮಡಚಿದರೆ ಹದಿನಾರು ಪಾಲು. ದಾರವನ್ನು ಐದು ಪಾಲು ಮಾಡಲು ಹೋಗಿ ನೋಡಿ. ನಾಲ್ಕೈದು ಸಲ ಹಿಂದೆ ಮುಂದೆ ಎಳೆದಾಡಬೇಕಾಗುತ್ತದೆ.

ಕನ್ನಡದ ಹಳೇ ಲೆಕ್ಕದಲ್ಲಿ ಈ ನಾಲ್ಕೂ ಮೆಟ್ಟಿಲಿಗೆ ಹೆಸರಿದೆ. ಅರೆ, ಕಾಲು, ಅರೆಕಾಲು, ಕೊನೆಗೆ ವೀಸ. ವೀಸ ಅಂದರೆ ಹದಿನಾರನೇ ಒಂದು ಪಾಲು. ಮೂರನೇ ಒಂದು, ಐದನೇ ಒಂದು ಅನ್ನಬೇಕಾದರೆ ನಾವು ಹೀಗೆ ಸುತ್ತಿಯೇ ಹೇಳಬೇಕು. ಅಡುಗೆಮನೆಯಲ್ಲೂ ಇದೇ ಕಥೆ. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು. ಅಲ್ಲಿಗೆ ಸೇರಿಗೆ ಹದಿನಾರು ಚಟಾಕು. ಇಂಗ್ಲಿಷರ ಪೌಂಡಿಗೂ ಹದಿನಾರೇ ಔನ್ಸು.

ಇದರ ಹಿಂದೆ ಇರುವುದು ತಕ್ಕಡಿ. ತಕ್ಕಡಿಗೆ ಸಂಖ್ಯೆ ಗೊತ್ತಿಲ್ಲ. "ಇದೂ ಅದೂ ಸಮ" ಅನ್ನುವುದಷ್ಟೇ ಗೊತ್ತು. ನಿಮ್ಮ ಹತ್ತಿರ ಒಂದು ಸೇರಿನ ಬಟ್ಟು ಮಾತ್ರ ಇದೆ ಅಂತಿಟ್ಟುಕೊಳ್ಳಿ. ಒಂದು ಸೇರು ಬೇಳೆ ತೂಗಿ, ಬಟ್ಟು ತೆಗೆದು, ಅದೇ ಬೇಳೆಯನ್ನು ಎರಡೂ ತಟ್ಟೆಗೆ ಸಮ ಆಗುವ ತನಕ ಹಂಚಿ. ಅರ್ಧ ಸೇರು ಸಿಕ್ಕಿತು. ಒಂದು ತಟ್ಟೆಯದ್ದನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನು ಮತ್ತೆ ಹಂಚಿ. ಪಾವು ಸಿಕ್ಕಿತು. ಹೀಗೆ ನಾಲ್ಕು ಸಲ ಮಾಡಿದರೆ ಒಂದು ಚಟಾಕು ಬೇಳೆ ಖಚಿತವಾಗಿ ನಿಮ್ಮ ಕೈಯಲ್ಲಿ. ಬೇರೆ ಬಟ್ಟೇ ಬೇಡ!

ಇನ್ನೊಂದು ಅನುಕೂಲವೂ ಇದೆ. 1, 2, 4, 8 ಚಟಾಕಿನ ನಾಲ್ಕೇ ನಾಲ್ಕು ಬಟ್ಟು ಇದ್ದರೆ ಒಂದರಿಂದ ಹದಿನೈದರ ತನಕ ಯಾವ ತೂಕ ಬೇಕಾದರೂ ತೂಗಬಹುದು. ಹದಿಮೂರು ಬೇಕಾ? ಎಂಟು, ನಾಲ್ಕು, ಒಂದು ಇಡಿ. ಎಲ್ಲ ಬಟ್ಟೂ ಇಟ್ಟು ಮುಗಿದ ಮೇಲೆ ಬರುವ ಮುಂದಿನ ತೂಕವೇ ಹದಿನಾರು.

ಸಿಂಧೂ ಕಣಿವೆಯ ಜನ ಇದನ್ನು ಸುಮಾರು 4,500 ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. ಹರಪ್ಪಾ, ಮೊಹೆಂಜೊದಾರೊಗಳಲ್ಲಿ ನುಣ್ಣಗೆ ಉಜ್ಜಿದ ಚಿಕ್ಕ ಚಿಕ್ಕ ಘನಾಕಾರದ ಕಲ್ಲುಗಳು ಸಿಕ್ಕಿವೆ. ಅವು ತೂಕದ ಬಟ್ಟುಗಳು. ತೂಗಿ ನೋಡಿದರೆ ಅವು 1, 2, 4, 8, 16, 32, 64 ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತವೆ. ದೊಡ್ಡ ತೂಕಗಳಿಗೆ ಬಂದಾಗ ಅವರು ಹತ್ತರ ಲೆಕ್ಕವನ್ನೂ ಬೆರೆಸಿದ್ದಾರೆ. ಎಲ್ಲಕ್ಕಿಂತ ಜಾಸ್ತಿ ಸಿಕ್ಕಿರುವುದು ಹದಿನಾರರದ್ದು, ಸುಮಾರು 13.7 ಗ್ರಾಮಿನ ಬಟ್ಟು. ಅವರ ಲಿಪಿಯನ್ನು ನಮಗೆ ಇನ್ನೂ ಓದಲಾಗಿಲ್ಲ. ಆದರೆ ಅವರ ಲೆಕ್ಕ ಮಾತ್ರ ನಮ್ಮ ಅಜ್ಜಿಯರ ಲೆಕ್ಕದ ಹಾಗೇ ಇದೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ರೂಪಾಯಿಯೂ ಬಹಳ ಕಾಲ ಹದಿನಾರಾಣೆಯದ್ದಾಗಿತ್ತು. ಅರ್ಧಕ್ಕೆ ಎಂಟಾಣೆ, ಕಾಲಿಗೆ ನಾಲ್ಕಾಣೆ, ಆಮೇಲೆ ಎರಡಾಣೆ, ಒಂದಾಣೆ. ಎಲ್ಲೂ ಚಿಲ್ಲರೆ ಉಳಿಯುವುದಿಲ್ಲ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಆಯಿತು. ಗುಣಿಸಿ ಕೂಡಿಸುವವರಿಗೆ ಇದರಿಂದ ದೊಡ್ಡ ಉಪಕಾರವಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರನ್ನು ಅರ್ಧ ಮಾಡುತ್ತಾ ಹೋದರೆ 50, 25, ಅಲ್ಲಿಗೆ ನಿಂತಿತು. ಒಂದಾಣೆಗೆ ಆರೂಕಾಲು ಪೈಸೆ ಬರುತ್ತದೆ. ಕಾಲು ಪೈಸೆಗೆ ನಾಣ್ಯ ಇಲ್ಲವಲ್ಲ! ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಪಟ್ಟಿ ಮಾಡಬೇಕಾಯಿತು. ಒಂದೊಂದೇ ಆಣೆಯಾಗಿ ಹದಿನಾರು ಸಲ ಬದಲಾಯಿಸಿಕೊಂಡವನಿಗೆ ಸಿಕ್ಕಿದ್ದು 96 ಪೈಸೆ ಮಾತ್ರ.

ನಾನು ಹುಟ್ಟುವ ಹೊತ್ತಿಗೆ ಆಣೆ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ನಾನು ಶಾಲೆಗೆ ಹೋಗುವಾಗ ಅಂಗಡಿಯಲ್ಲಿ ಕೇಳುತ್ತಿದ್ದದ್ದು ಎಂಟಾಣೆ ಪೆಪ್ಪರಮೆಂಟೇ. ಐವತ್ತು ಪೈಸೆಯ ನಾಣ್ಯವನ್ನು ಎಂಟಾಣೆ ಅಂತಲೇ ಎಲ್ಲರೂ ಕರೆಯುತ್ತಿದ್ದರು. 2011ರ ಜೂನ್ 30ಕ್ಕೆ 25 ಪೈಸೆಯ ನಾಣ್ಯವೂ ಚಲಾವಣೆಯಿಂದ ಹೋಯಿತು. ಇಷ್ಟಾದರೂ ಇವತ್ತಿಗೂ ಒಂದು ಮಾತು ಪೂರ್ತಿ ನಿಜ ಅನ್ನಲು "ಹದಿನಾರಾಣೆ ಸತ್ಯ" ಅನ್ನುತ್ತೇವೆ.

ಜಮೀನಿನ ಲೆಕ್ಕದಲ್ಲಂತೂ ಆಣೆ ಈಗಲೂ ಬದುಕಿದೆ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, 1,089 ಚದರ ಅಡಿ. ಅದನ್ನು ಅಮ್ಮನ ಮಿಠಾಯಿ ತಟ್ಟೆಯ ಹಾಗೇ ಉದ್ದಕ್ಕೂ ಅಡ್ಡಕ್ಕೂ ನಾಲ್ಕು ನಾಲ್ಕು ಮಾಡಿದರೆ ಎಂಟೂಕಾಲು ಅಡಿಯ ಹದಿನಾರು ಚೌಕ ಸಿಗುತ್ತವೆ. ಒಂದೊಂದೂ ಒಂದು ಆಣೆ ಜಾಗ. ಚಿಕ್ಕದೊಂದು ಅಡುಗೆಮನೆಯಷ್ಟು.

ಪುಸ್ತಕದ ಮುದ್ರಣದಲ್ಲೂ ಇದೇ ಲೆಕ್ಕ. ದೊಡ್ಡ ಹಾಳೆಯ ಎರಡೂ ಕಡೆ ಅಚ್ಚು ಹಾಕಿ ಮೂರು ಸಲ ಮಡಚಿದರೆ ಎಂಟು ಎಲೆ, ಹದಿನಾರು ಪುಟ. ಅದನ್ನು ಒಂದು ಫಾರಂ ಅನ್ನುತ್ತಾರೆ. ಪುಸ್ತಕದ ಕೊನೆಯಲ್ಲಿ ಸುಮ್ನೆ ಒಂದೆರಡು ಖಾಲಿ ಪುಟ ಇರುವುದನ್ನು ನೋಡಿರುತ್ತೀರಿ. ಎಷ್ಟೋ ಸಲ ಅದು ಬರಹ ಮುಗಿದರೂ ಫಾರಂ ಮುಗಿಯದೆ ಉಳಿದ ಜಾಗ. ಇನ್ನು ಧಾರವಾಡದ ಕಡೆ ಹಿಂದೂಸ್ತಾನಿ ಸಂಗೀತ ಕೇಳುವವರಿಗೆ ತೀನ್‌ತಾಲ್ ಗೊತ್ತೇ ಇದೆ. ನಾಲ್ಕು ನಾಲ್ಕರ ನಾಲ್ಕು ಭಾಗ, ಒಟ್ಟು ಹದಿನಾರು ಮಾತ್ರೆ. ಒಂಬತ್ತನೆಯದಕ್ಕೆ ಚಪ್ಪಾಳೆ ತಟ್ಟದೆ ಕೈ ಬೀಸಿ ಖಾಲಿ ತೋರಿಸುತ್ತಾರೆ. ಅದು ಸರಿಯಾಗಿ ಎರಡನೇ ಅರ್ಧ ಶುರುವಾಗುವ ಜಾಗ.

ಎಲ್ಲ ಹದಿನಾರೂ ಮಡಚಿ ಬಂದದ್ದು ಅಂತ ನಾನು ಹೇಳುವುದಿಲ್ಲ. ಪೂಜೆಯ ಷೋಡಶೋಪಚಾರವನ್ನು ಯಾರೂ ಅರ್ಧ ಮಾಡಿ ತೆಗೆದದ್ದಲ್ಲ. ಚಂದ್ರನಿಗೂ ಹದಿನಾರು ಕಲೆ ಅನ್ನುತ್ತಾರೆ. ಆದರೆ ಪಕ್ಷಕ್ಕೆ ಇರುವುದು ಹದಿನೈದು ತಿಥಿ. ಅದರ ಲೆಕ್ಕವೇ ಬೇರೆ. ಕಲೆ ಎಂಬ ಸಂಸ್ಕೃತ ಪದಕ್ಕೆ ಹದಿನಾರನೇ ಒಂದು ಪಾಲು ಎಂಬ ಅರ್ಥವೂ ಇದೆ ಅನ್ನುವುದು ಮಾತ್ರ ಗಮನಿಸಬೇಕಾದ್ದು.

ಈಗ ನಿಮ್ಮ ಕೈಯಲ್ಲಿರುವ ಫೋನಿಗೆ ಬನ್ನಿ. ಕಂಪ್ಯೂಟರು ಕೂಡ ತಕ್ಕಡಿಯ ಹಾಗೇ. ಅದಕ್ಕೆ ಗೊತ್ತಿರುವುದು ಎರಡೇ, ಇದೆ ಅಥವಾ ಇಲ್ಲ. ಅಂಥ ನಾಲ್ಕು ಸ್ವಿಚ್ಚುಗಳನ್ನು ಪಕ್ಕಪಕ್ಕ ಇಟ್ಟರೆ ಹದಿನಾರು ಬೇರೆ ಬೇರೆ ಜೋಡಣೆ ಬರುತ್ತವೆ. ಅವನ್ನು ಬರೆಯಲು ಹತ್ತು ಅಂಕಿ ಸಾಲದು. ಹಾಗಾಗಿ ಸೊನ್ನೆಯಿಂದ ಒಂಬತ್ತರ ಮುಂದೆ ಇಂಗ್ಲಿಷಿನ ಎ, ಬಿ, ಸಿ, ಡಿ, ಇ, ಎಫ್ ಅಕ್ಷರಗಳನ್ನೂ ಅಂಕಿಗಳಾಗಿ ಬಳಸುತ್ತಾರೆ.

ನಾವು ಬರೆಯುವ ಒಂದೊಂದು ಕನ್ನಡ ಅಕ್ಷರಕ್ಕೂ ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿಗಾಗಿ ಬೇರೆ ಬೇರೆ ಭಾಷೆಗಳ ಅಕ್ಷರಗಳಿಗೆ ನಂಬರು ಕೊಟ್ಟಿರುವ ಪಟ್ಟಿಯಲ್ಲಿ, ಇಂಥದ್ದೇ ಒಂದು ನಂಬರು ಇದೆ. ಅ ಅಕ್ಷರದ್ದು 0ಸಿ85. ಕ ಅಕ್ಷರದ್ದು 0ಸಿ95. ಅ ಬಿಟ್ಟು ಮುಂದಕ್ಕೆ ಎಣಿಸಿದರೆ, ನಡುವೆ ಇರುವ ಎರಡು ಖಾಲಿ ಮನೆಗಳೂ ಸೇರಿ, ಹದಿನಾರನೆಯದು ಕ. ಕನ್ನಡಕ್ಕೆ ಕೊಟ್ಟಿರುವುದು ಒಟ್ಟು 128 ಮನೆ, ಹದಿನಾರರ ಎಂಟು ಕಂಬ ಸಾಲು. ಆ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಒಂದು ಕಂಬದಲ್ಲಿ ಸ್ವರಗಳು ಶುರುವಾಗುತ್ತವೆ. ಅದರ ಬಲಕ್ಕೇ ಮುಂದಿನ ಕಂಬ. ಅ ಪಕ್ಕದಲ್ಲಿ ಕ, ಆ ಪಕ್ಕದಲ್ಲಿ ಖ, ಇ ಪಕ್ಕದಲ್ಲಿ ಗ.