ಡಿಸಿ ಸಭೆಯಲ್ಲಿ ಸಹಿ ಮಾಡಿದರೆ ಒಪ್ಪಿಗೆ ಕೊಟ್ಟಂತಾ?

ಪ್ರಶ್ನೆ: "ನಮ್ಮೂರಿಂದ ಮೂರು ಕಿಲೋಮೀಟರ್ ದೂರದಲ್ಲಿ ಒಂದು ಫ್ಯಾಕ್ಟರಿ ಬರುತ್ತದಂತೆ. ಪರಿಸರದ ಬಗ್ಗೆ ಡಿಸಿ ಸಾಹೇಬರು ಸಭೆ ಮಾಡುತ್ತಾರೆ ಅಂತ ಪೇಪರಿನಲ್ಲಿ ಬಂದಿದೆ. ಹೋಗಬ್ಯಾಡ್ರಿ, ಹೋಗಿ ಸಹಿ ಮಾಡಿದ್ರ ಒಪ್ಪಿಗಿ ಕೊಟ್ಟಂಗ ಆಗತೈತಿ ಅಂತ ಊರ ಹಿರಿಯರು ಹೇಳುತ್ತಿದ್ದಾರೆ. ಏನು ಮಾಡೋಣ ಸರ್?" (ಹಾವೇರಿ ಜಿಲ್ಲೆಯ ಓದುಗರೊಬ್ಬರು)

ಹೋಗಿ. ಸಹಿ ಮಾಡಿ. ಮಾತಾಡಿ. ಮಾತಾಡಿದ್ದನ್ನು ಬರೆದೂ ಕೊಡಿ.

ಇಷ್ಟೇ ಉತ್ತರ. ಇದನ್ನು ಫೋನಿನಲ್ಲಿ ಹೇಳಿದ್ದೇನೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ, ಹುಬ್ಬಳ್ಳಿ ಬಸ್ಸಿನಲ್ಲಿ ನಿಂತುಕೊಂಡು ಹೇಳಿದ್ದೇನೆ. ಧಾರವಾಡದ ಕಾಲೇಜಿನಲ್ಲಿ ವರ್ಷಗಟ್ಟಲೆ ಪರಿಸರ ವಿಜ್ಞಾನ ಪಾಠ ಮಾಡಿದವನು ನಾನು. ನನ್ನ ಹುಡುಗರೇ ಈಗ ತಮ್ಮ ಊರಿಂದ ಫೋನ್ ಮಾಡಿ ಇದೇ ಪ್ರಶ್ನೆ ಕೇಳುತ್ತಾರೆ. ಆಗ ಸ್ವಲ್ಪ ಬೇಜಾರಾಗುತ್ತದೆ. ಹಾಗಾಗಿ ಒಮ್ಮೆ ಕೂತು ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಈ ಸಭೆ ಯಾವುದು ಅಂತ ಬೇಗ ಹೇಳಿ ಮುಗಿಸುತ್ತೇನೆ. ದೊಡ್ಡ ಕಾರ್ಖಾನೆ, ಗಣಿ, ಅಣೆಕಟ್ಟು ಇಂಥವು ಬರುವ ಮುಂಚೆ ನೆಲ, ನೀರು, ಗಾಳಿ, ಜನರ ಮೇಲೆ ಏನು ಪರಿಣಾಮ ಆಗುತ್ತದೆ ಅಂತ ಅಂದಾಜು ಮಾಡಬೇಕು. ಅದರ ವರದಿಗೇ ಇಐಎ ಅನ್ನುವುದು. ನಮ್ಮ ದೇಶದಲ್ಲಿ ಇದು 1994ರಲ್ಲಿ ಕಡ್ಡಾಯವಾಯಿತು. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ. 'ಎ' ವರ್ಗದ ಯೋಜನೆ ದೆಹಲಿಗೆ ಹೋಗುತ್ತದೆ, 'ಬಿ' ವರ್ಗದ್ದು ಬೆಂಗಳೂರಿನ ರಾಜ್ಯ ಪ್ರಾಧಿಕಾರಕ್ಕೆ. ಕರಡು ವರದಿ ತಯಾರಾದ ಮೇಲೆ, ಅಂತಿಮ ವರದಿ ಆಗುವ ಮುಂಚೆ, ಊರ ಜನರ ಮಾತು ಕೇಳಬೇಕು. ಅದೇ ಸಾರ್ವಜನಿಕ ಆಲಿಕೆ ಸಭೆ. ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಡಿಸಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮುಂಚೆ ಪೇಪರಿನಲ್ಲಿ ಪ್ರಕಟಣೆ ಕೊಡಬೇಕು. ಇಡೀ ಸಭೆಯ ವಿಡಿಯೊ ತೆಗೆಯಬೇಕು.

ಇನ್ನೊಂದು ಮಾತು. ಈ ವರದಿಯನ್ನು ಸರ್ಕಾರ ಬರೆಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ಯೋಜನೆ ತರುವ ಕಂಪನಿಯೇ ದುಡ್ಡು ಕೊಟ್ಟು, ಮಾನ್ಯತೆ ಪಡೆದ ಸಲಹಾ ಸಂಸ್ಥೆಯಿಂದ ಬರೆಸುತ್ತದೆ. ಬರೆದವರು ನಿಮ್ಮ ಊರಲ್ಲಿ ಹುಟ್ಟಿ ಬೆಳೆದವರಲ್ಲ. ನಿಮ್ಮ ಹಳ್ಳ ಯಾವ ತಿಂಗಳು ತುಂಬುತ್ತದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಅದಕ್ಕೇ ನಿಮ್ಮನ್ನು ಕರೆಯುವುದು.

ಈಗ ಸಹಿಯ ವಿಷಯ. ಎಷ್ಟು ಸಲ ಕಿತ್ತರೂ ಹೊಲದಲ್ಲಿ ಕರಿಕೆ ಮತ್ತೆ ಚಿಗುರಿದ ಹಾಗೆ ಇದು ಮತ್ತೆ ಮತ್ತೆ ಚಿಗುರುತ್ತದೆ. ಹಾಗಾಗಿ ಬೇರಿಗೇ ಕೈ ಹಾಕೋಣ.

ಸಭೆಯ ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿರುತ್ತಾರೆ. ಹೆಸರು, ಊರು, ಸಹಿ. ಅದು ಹಾಜರಿ ಪುಸ್ತಕ. ನಿಯಮದಲ್ಲಿ ಇರುವುದು ಇಷ್ಟೇ: ಬಂದವರ ಹಾಜರಿ ಬರೆದುಕೊಂಡು ನಡಾವಳಿಗೆ, ಅಂದರೆ ಸಭೆಯಲ್ಲಿ ನಡೆದದ್ದರ ದಾಖಲೆಗೆ, ಲಗತ್ತಿಸಬೇಕು. ಹಾಜರಿ ಅಂದರೆ ಹಾಜರಿ. ಶಾಲೆಯಲ್ಲಿ 'ಹಾಜರ್ ಸರ್' ಅಂದವನು ಪಾಠವನ್ನೆಲ್ಲ ಒಪ್ಪಿದ ಹಾಗೆ ಆಗುವುದಿಲ್ಲ, ಅಲ್ವಾ? ಯೋಜನೆಯನ್ನು ವಿರೋಧಿಸಿ ಒಂದು ಗಂಟೆ ಮಾತಾಡಿದವರ ಹೆಸರೂ ಅದೇ ಪುಸ್ತಕದಲ್ಲಿ ಇರುತ್ತದೆ. ಅಷ್ಟಾದರೂ ಅನುಮಾನ ಇದ್ದರೆ ಸಹಿಯ ಮುಂದೆ 'ಹಾಜರಾತಿಗೆ ಮಾತ್ರ' ಅಂತ ನಿಮ್ಮ ಕೈಯಲ್ಲೇ ಬರೆಯಿರಿ. ಯಾರೂ ಬೇಡ ಅನ್ನುವುದಿಲ್ಲ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ನಾನು ನೋಡಿದ ಮಟ್ಟಿಗೆ ಜನ ಮೂರು ಬೇರೆ ಬೇರೆ ಸಭೆಗಳನ್ನು ಒಂದೇ ಅಂದುಕೊಂಡಿದ್ದಾರೆ. ಜಮೀನಿಗೆ ರೇಟು ಮಾತಾಡಲು ಕರೆಯುವ ಸಭೆ ಒಂದು. ಅಲ್ಲಿ ಮಾಡುವ ಸಹಿಗೆ ನಿಜವಾಗಿಯೂ ತೂಕ ಇದೆ. ಓದದೆ ಮಾಡಬೇಡಿ. ಊರಿನ ಗ್ರಾಮಸಭೆ ಇನ್ನೊಂದು. ಅಲ್ಲಿ ಠರಾವು ಆಗುತ್ತದೆ, ಕೈ ಎತ್ತುವುದು ಇರುತ್ತದೆ. ಪರಿಸರದ ಆಲಿಕೆ ಸಭೆ ಮೂರನೆಯದು. ಇಲ್ಲಿ ಠರಾವೂ ಇಲ್ಲ, ಕೈ ಎತ್ತುವುದೂ ಇಲ್ಲ. ಮೂರಕ್ಕೂ ಅದೇ ಶಾಮಿಯಾನ, ಅದೇ ಪ್ಲಾಸ್ಟಿಕ್ ಕುರ್ಚಿ. ಹಾಗಾಗಿ ಜಮೀನಿನ ಕಾಗದಕ್ಕೆ ಸಹಿ ಹಾಕಿ ಒಮ್ಮೆ ಕೈ ಸುಟ್ಟುಕೊಂಡವರು ಎಲ್ಲ ಸಹಿಗೂ ಹೆದರುತ್ತಾರೆ. ಹೆದರಿದ್ದು ತಪ್ಪಲ್ಲ. ಜಾಗ ತಪ್ಪು.

ಇದೇ ನಂಬಿಕೆಗೆ ಇನ್ನೊಂದು ಮುಖ ಇದೆ: 'ಎಲ್ಲರೂ ಬ್ಯಾಡ ಅಂದ್ರ ಯೋಜನೆ ರದ್ದಾಗತೈತಿ.' ಇದೂ ನಿಜವಲ್ಲ. ಇಲ್ಲಿ ಮತ ಎಣಿಸುವುದಿಲ್ಲ. ಸಾವಿರ ಜನ 'ಬೇಡ' ಅಂದರೂ ನಡಾವಳಿಯಲ್ಲಿ ಅದು ಒಂದು ಸಾಲು: 'ಗ್ರಾಮಸ್ಥರು ವಿರೋಧ ವ್ಯಕ್ತಪಡಿಸಿದರು.' ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತ ತಜ್ಞರ ಸಮಿತಿ ಆ ಒಂದು ಸಾಲನ್ನು ಓದಿ ಮುಂದಿನ ಪುಟಕ್ಕೆ ಹೋಗುತ್ತದೆ.

ಬಹಿಷ್ಕಾರ ಹಾಕಿದರೆ? ಅದು ಇನ್ನೂ ಕೆಟ್ಟದ್ದು. ಈ ಸಭೆಗೆ ಕೋರಂ ಇಲ್ಲ. ಇಂತಿಷ್ಟು ಜನ ಬಂದರೆ ಮಾತ್ರ ಸಭೆ ಅನ್ನುವ ನಿಯಮವೇ ಇಲ್ಲ. ಹತ್ತು ಜನ ಬಂದರೂ ಸಭೆ ಆಯಿತು.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಹಳ್ಳಿಯಲ್ಲಿ ಇಂಥ ಸಭೆ ಇತ್ತು. ಊರಿಗೆ ಊರೇ ಬಹಿಷ್ಕಾರ ಹಾಕಿತ್ತು. ಮುನ್ನೂರು ಕುರ್ಚಿ ಹಾಕಿದ್ದರು, ಕೂತವರು ಇಪ್ಪತ್ತು ಜನ. ಕಂಪನಿಯವರು ಎಷ್ಟು ನೌಕರಿ ಬರುತ್ತದೆ ಅಂತ ಹೇಳಿದರು. ನಾಲ್ಕು ಜನ ಎದ್ದು ಸ್ವಾಗತ ಮಾಡಿದರು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಊರವರು ಒಂದು ಫರ್ಲಾಂಗ್ ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದರು. ನಾನು ಅಲ್ಲಿಗೆ ಹೋದಾಗ ಒಬ್ಬ ಹಿರಿಯ ರೈತರು ಹೆಮ್ಮೆಯಿಂದ ಹೇಳಿದರು: "ನೋಡ್ರಿ ಸರ್, ಒಬ್ಬರೂ ಸಹಿ ಮಾಡಲಿಲ್ಲ." ಆಮೇಲೆ ಅವರು ಹಳ್ಳದ ಬಗ್ಗೆ, ಅದರ ಪಕ್ಕದ ಬಾವಿಯ ಬಗ್ಗೆ, ಬೇಸಿಗೆಯಲ್ಲಿ ಮೂರು ಊರಿನ ದನಕ್ಕೆ ಅದೊಂದೇ ನೀರು ಅನ್ನುವುದರ ಬಗ್ಗೆ ಹತ್ತು ನಿಮಿಷ ಹೇಳಿದರು. ಅಷ್ಟು ಚೆನ್ನಾದ ಪರಿಸರ ವರದಿಯನ್ನು ನಾನು ಕೇಳಿರಲಿಲ್ಲ. ಅದು ನಡಾವಳಿಯಲ್ಲಿ ಒಂದಕ್ಷರವೂ ಇಲ್ಲ. ನಡಾವಳಿಯಲ್ಲಿ ಇರುವುದು ಆ ನಾಲ್ಕು ಜನರ ಸ್ವಾಗತ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆಗ ಕೆಲವರು ಹಳ್ಳಿಗುಡಿಯ ಉದಾಹರಣೆ ಕೊಡುತ್ತಾರೆ. 'ಜನ ಬೇಡ ಅಂದರು, ಪೋಸ್ಕೊ ಹೋಯಿತಲ್ಲ ಸರ್?' ಹೌದು, ಆ ಉಕ್ಕಿನ ಕಂಪನಿ ಹೋಯಿತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ರೈತರು ಬೀದಿಗೆ ಇಳಿದರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2011ರಲ್ಲಿ ಸರ್ಕಾರ ಕೈಬಿಟ್ಟಿತು. ಆದರೆ ಅದು ಭೂಸ್ವಾಧೀನದ ವಿರುದ್ಧ ನಡೆದ ಚಳವಳಿ. ಆಲಿಕೆ ಸಭೆಯಲ್ಲಿ ತಲೆ ಎಣಿಸಿ ಬಂದ ಗೆಲುವಲ್ಲ. ಚಳವಳಿ ಮಾಡುವ ಹಕ್ಕು ನಿಮಗೆ ಇದ್ದೇ ಇದೆ. ಬೀದಿಯಲ್ಲಿ ಅದನ್ನು ಮಾಡಿ, ಸಭೆಯಲ್ಲಿ ಇದನ್ನು ಮಾಡಿ. ಒಂದು ಮಾಡಿದರೆ ಇನ್ನೊಂದು ಕೆಡುವುದಿಲ್ಲ.

ಮತ ಎಣಿಸದ ಮೇಲೆ ಹೋಗಿ ಏನು ಪ್ರಯೋಜನ ಅಂತೀರಾ? ಇಲ್ಲೇ ಇರುವುದು ವಿಷಯ. ನೀವು ಎತ್ತಿದ ಒಂದೊಂದು ಪ್ರಶ್ನೆಯನ್ನೂ ಬರೆದುಕೊಳ್ಳಬೇಕು. ಅದಕ್ಕೆ ಕಂಪನಿ ಏನು ಉತ್ತರ ಕೊಟ್ಟಿತು ಅಂತಲೂ ಬರೆಯಬೇಕು. ಅದು ಕನ್ನಡದಲ್ಲೂ ಇರಬೇಕು, ಇಂಗ್ಲಿಷಿನಲ್ಲೂ ಇರಬೇಕು. ಆ ಪ್ರಶ್ನೆಗಳಿಗೆ ಏನು ಪರಿಹಾರ ಅಂತ ಅಂತಿಮ ವರದಿಯಲ್ಲಿ ಕಂಪನಿ ತೋರಿಸಬೇಕು. ನಾಳೆ ಪರಿಸರ ಅನುಮತಿ ಸಿಕ್ಕಿಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಅದಕ್ಕೆ ಇರುವುದು 30 ದಿನ. ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ. ಅಲ್ಲಿ ನಿಮ್ಮ ವಕೀಲರ ಕೈಯಲ್ಲಿ ಇರಬೇಕಾದ ಕಾಗದವೇ ಈ ನಡಾವಳಿ. 'ಈ ಪ್ರಶ್ನೆ ಅವತ್ತೇ ಕೇಳಿದ್ದೆವು, ಉತ್ತರ ಕೊಟ್ಟಿಲ್ಲ' ಅಂತ ತೋರಿಸಬೇಕು. ಅವತ್ತು ಬಾಯಿ ಬಿಡದೆ ಕೂತಿದ್ದರೆ ತೋರಿಸಲು ಏನಿದೆ?

ಹಾಗಾಗಿ 'ಬೇಡ' ಅನ್ನಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ನಿಮ್ಮ ಹೊಲದಿಂದ ಪ್ರಶ್ನೆ ಎತ್ತಿ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರು ಅಂತಿಟ್ಟುಕೊಳ್ಳಿ. ಹಣ್ಣು ಬಿಡಿಸಿ ಕಣದಲ್ಲಿ ಬಿಸಿಲಿಗೆ ಹರಡುತ್ತೀರಿ. ದೂಳು ಕೂತರೆ ಬಣ್ಣ ಹೋಯಿತು, ಬಣ್ಣ ಹೋದರೆ ರೇಟು ಹೋಯಿತು. ಗಾಳಿಯ ಅಳತೆಯನ್ನು ಸಾಮಾನ್ಯವಾಗಿ ಒಂದೇ ಋತುವಿನಲ್ಲಿ, ಮೂರು ತಿಂಗಳು ತೆಗೆಯುತ್ತಾರೆ. ಮಳೆಗಾಲ ಬಿಟ್ಟು. ನಮ್ಮ ಕಡೆ ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಇದು ನಿಮಗೆ ಗೊತ್ತು, ತೂರುವವರಿಗೆಲ್ಲ ಗೊತ್ತು. ಹಾಗಾದರೆ ಕೇಳಿ: ಯಾವ ಮೂರು ತಿಂಗಳು ಅಳೆದಿರಿ? ನಮ್ಮ ಕಣದಲ್ಲಿ ಮೆಣಸಿನಕಾಯಿ ಇರುವ ತಿಂಗಳು ದೂಳು ಯಾವ ದಿಕ್ಕಿಗೆ ಬರುತ್ತದೆ? ಇದಕ್ಕೆ 'ನೌಕರಿ ಕೊಡುತ್ತೇವೆ' ಅನ್ನುವುದು ಉತ್ತರ ಆಗುವುದಿಲ್ಲ.

ಹಕ್ಕಿಗಳದ್ದೂ ಹೀಗೇ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಅವು ಬರುವುದು ಚಳಿಗಾಲಕ್ಕೆ. ಅಂಥ ಕೆರೆಯ ಹತ್ತಿರ ಏಪ್ರಿಲ್, ಮೇ ತಿಂಗಳಲ್ಲಿ ಸರ್ವೆ ಮಾಡಿದರೆ ಕಾಣುವುದು ಒಣಗಿದ ದಂಡೆ. 'ವಲಸೆ ಹಕ್ಕಿ ಕಂಡುಬಂದಿಲ್ಲ' ಅಂತ ಬರೆದರೆ ಅಕ್ಷರಕ್ಕೆ ಅಕ್ಷರ ನಿಜವೇ. ಆದರೆ ಅದರಿಂದ ಏನೂ ತಿಳಿಯುವುದಿಲ್ಲ.

ಸಭೆ ಮುಗಿಯುವ ಹೊತ್ತಿಗೆ ಎದ್ದು ಹೋಗಬೇಡಿ. ಏನೇನು ಬರೆದುಕೊಂಡಿದ್ದಾರೆ ಅಂತ ಕನ್ನಡದಲ್ಲಿ ಓದಿ ಹೇಳಬೇಕು. ಅದು ನಿಯಮ. ಓದದಿದ್ದರೆ ಓದಿ ಅನ್ನಿ. ನಿಮ್ಮ ಮಾತು ಬಿಟ್ಟಿದ್ದರೆ ಅಲ್ಲೇ ಸೇರಿಸಿ ಅನ್ನಿ. ಬರೆದು ತಂದ ಮನವಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಆಮೇಲೆ ನಡಾವಳಿಯನ್ನು ಪಂಚಾಯ್ತಿ ಕಚೇರಿಯಲ್ಲಿ ಹಚ್ಚಬೇಕು. ಅದನ್ನೂ ಓದಿ. ತಪ್ಪಿದ್ದರೆ ನೇರವಾಗಿ ಅನುಮತಿ ಕೊಡುವ ಪ್ರಾಧಿಕಾರಕ್ಕೇ ಬರೆಯಬಹುದು.

ಇಲ್ಲಿಗೆ ಪ್ರಶ್ನೆಗೆ ಉತ್ತರ ಆಯಿತು. ಆದರೆ ಗದಗದ ಕಡೆ ಹೋದಾಗಲೆಲ್ಲ ನನ್ನ ತಲೆಯಲ್ಲಿ ಇನ್ನೊಂದು ಸುಳಿಯುತ್ತದೆ. ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಅಷ್ಟೊಂದು ವಿಂಡ್‌ಮಿಲ್‌ಗಳು ನಿಂತಿವೆಯಲ್ಲ, ಅವಕ್ಕೆ ಇಂಥ ಆಲಿಕೆ ಸಭೆ ಯಾವಾಗ ನಡೆಯಿತು? ನಡೆಯಲಿಲ್ಲ. ನಡೆಯಬೇಕಾಗಿಯೂ ಇರಲಿಲ್ಲ. ಪರಿಸರ ಅನುಮತಿ ಬೇಕಾದ ಯೋಜನೆಗಳ ಪಟ್ಟಿ 2006ರ ಅಧಿಸೂಚನೆಯಲ್ಲೇ ಇದೆ, ಅದರಲ್ಲಿ ಗಾಳಿ ವಿದ್ಯುತ್ ಇಲ್ಲವೇ ಇಲ್ಲ. ರೈಲು ಮಾರ್ಗವೂ ಇಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗದ ಬಗ್ಗೆ ಇಷ್ಟು ವರ್ಷ ಜಗಳ ನಡೆದಿರುವುದು ಅರಣ್ಯ ಮತ್ತು ವನ್ಯಜೀವಿ ಕಾನೂನುಗಳ ಮೇಲೆ. ರಾಷ್ಟ್ರೀಯ ಹೆದ್ದಾರಿ ಅಗಲ ಮಾಡುವುದಾದರೆ, 2013ರ ತಿದ್ದುಪಡಿ ಪ್ರಕಾರ 100 ಕಿಲೋಮೀಟರಿಗಿಂತ ಜಾಸ್ತಿ ಇದ್ದು, ಹೆಚ್ಚುವರಿ ಜಾಗವೂ ಒಂದು ಮಿತಿ ದಾಟಿದರೆ ಮಾತ್ರ ಪರಿಸರ ಅನುಮತಿ ಬೇಕು. ಈಗಾಗಲೇ ಪರಿಸರ ಅನುಮತಿ ಪಡೆದ ಕೈಗಾರಿಕಾ ವಸಾಹತಿನ ಒಳಗೆ ಬರುವ ಕಾರ್ಖಾನೆಗೂ ಆಲಿಕೆ ಸಭೆಯಿಂದ ವಿನಾಯ್ತಿ ಇದೆ.

ಗಾಳಿ ವಿದ್ಯುತ್ ಬೇಡ ಅಂತ ನಾನು ಹೇಳುತ್ತಿಲ್ಲ. ಕಲ್ಲಿದ್ದಲು ಸುಡುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಗುಡ್ಡದ ಮೇಲೆ ಒಂದು ಕಂಬ ನಿಲ್ಲಿಸಲು ಅಗಲವಾದ ರಸ್ತೆ ಕಡಿಯಬೇಕು. ಕಡಿದ ಮಣ್ಣು ಮಳೆಗೆ ಕೆಳಗಿನ ಹೊಲಕ್ಕೋ ಕೆರೆಗೋ ಇಳಿಯುತ್ತದೆ. ಅರಣ್ಯ ಜಮೀನಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಖಾಸಗಿ ಹೊಲವಾದರೆ 'ಇದರಿಂದ ಏನಾಗುತ್ತದೆ' ಅಂತ ಊರವರ ಮುಂದೆ ಕೂತು ಹೇಳುವ ಸಭೆಯೇ ಇಲ್ಲ. ಇರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾವೇರಿಯ ಓದುಗರೇ, ನಿಮ್ಮ ಫ್ಯಾಕ್ಟರಿ ಪಟ್ಟಿಯಲ್ಲಿದೆ, ಅದಕ್ಕೇ ಸಭೆ ಕರೆದಿದ್ದಾರೆ. ಕರಡು ವರದಿ ಡಿಸಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯ್ತಿಯಲ್ಲಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇರಬೇಕು. ಜೊತೆಗೆ ಕನ್ನಡದ ಸಾರಾಂಶ ಇರಬೇಕು. ಇಲ್ಲ ಅಂದರೆ, ಇಲ್ಲ ಅಂದರು ಅನ್ನುವುದನ್ನೇ ಬರೆದು ಕೊಡಿ. ಸೋಮವಾರ ನೀವೂ ಆ ಹಿರಿಯರೂ ಕೂಡಿಯೇ ಆ ಕಚೇರಿಗೆ ಹೋಗಿ. ಸಾರಾಂಶ ಕೈಗೆ ಬಂದ ಕೂಡಲೇ ನಿಮ್ಮ ಊರ ಹಳ್ಳದ ಹೆಸರು ಅದರಲ್ಲಿ ಇದೆಯಾ ಅಂತ ಮೊದಲು ಹುಡುಕಿ.