ಜೋಡಿಪುಟದ ಕಟ್ಟಳೆಗಳು ಎಲ್ಲಿಂದ ಬಂದವು?

ಕಂಬಳದ ಫೋಟೋವನ್ನು ಒಂದೇ ಪುಟಕ್ಕೆ ತುರುಕಿದರೆ ಅದರ ಓಟವೇ ಸತ್ತುಹೋಗುತ್ತದೆ. ಕೋಣಗಳ ಜೋಡಿ, ಹಿಂದೆ ಓಡುವಾತ, ಚಿಮ್ಮುವ ಕೆಸರುನೀರು ಎಲ್ಲವೂ ಅಡ್ಡಕ್ಕೆ ಹರಡಿಕೊಂಡಿರುವಂಥವು. ಎದುರುಬದುರಿನ ಎರಡು ಪುಟ, ಅಂದರೆ ಜೋಡಿಪುಟ, ಬೇಕೇ ಬೇಕು. ಆಗ ಓಟಗಾರನ ಮುಖ ನಡುಮಡಿಕೆಗೆ ಸಿಕ್ಕಬಾರದು ಎಂದು ಮಂಗಳೂರು, ಮಣಿಪಾಲದ ಪುಟವಿನ್ಯಾಸಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ಓಟಗಾರ ಎಡಪುಟಕ್ಕೆ, ಕೋಣಗಳು ಬಲಪುಟಕ್ಕೆ. ಮಡಿಕೆ ದಾಟುವುದು ಹಗ್ಗ ಮಾತ್ರ.

ಇಂಥ ಕಟ್ಟಳೆಗಳನ್ನು ಬರೀ ಅಭಿರುಚಿಯ ಮಾತೆಂದು ತಳ್ಳಿಹಾಕುವವರಿದ್ದಾರೆ. ಅವು ಹುಟ್ಟಿದ್ದು ಕಲ್ಲು, ಸೀಸ, ಮರ, ಪಿನ್ನುಗಳ ಮಿತಿಯಿಂದ ಎಂಬುದು ಮರೆತುಹೋಗಿದೆ.

ನಮ್ಮೂರಿನ ಮಟ್ಟಿಗೆ ಈ ಕಥೆ ಶುರುವಾಗುವುದು 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ದಿಂದ. ಅದು ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿನಲ್ಲಿ ಅಕ್ಷರವೂ ಕೈಬರಹ, ಚಿತ್ರವೂ ಕೈಬರಹ. ಒಂದರ ಪಕ್ಕ ಒಂದು ಹೇಗೆ ಬೇಕಾದರೂ ಬಳುಕಬಹುದು. ಆಮೇಲೆ ಬಂದ ಸೀಸದ ಅಚ್ಚುಮೊಳೆಗೆ, ಅಂದರೆ ಒಂದೊಂದಾಗಿ ಜೋಡಿಸುವ ಬಿಡಿ ಅಕ್ಷರಗಳಿಗೆ, ಆ ಸ್ವಾತಂತ್ರ್ಯವಿರಲಿಲ್ಲ. ಮೊಳೆಗಳನ್ನು ಕಬ್ಬಿಣದ ಚೌಕಟ್ಟಿನೊಳಗೆ ಬಿಗಿಯಬೇಕಾದರೆ ಸಾಲು ನೇರವಿರಬೇಕು, ಕಾಲಂ ಚೌಕವಾಗಿರಬೇಕು. ಪುಟಪುಟದ ನಡುವೆ ಜಾಗ ಬಿಡಲು ಮರದ ಪಟ್ಟಿಗಳು. ಚಿತ್ರ ಎರಡು ಪುಟಕ್ಕೆ ಹಬ್ಬಬೇಕೆಂದರೆ ಅದರ ಅಚ್ಚುಪಡಿಯಾದ ಬ್ಲಾಕನ್ನೇ ಎರಡು ತುಂಡು ಮಾಡಿ ಬೇರೆಬೇರೆ ಕಡೆ ಕೂರಿಸಬೇಕು.

ಈ ಕಷ್ಟ ಇಲ್ಲದಿದ್ದದ್ದು ನಡುಪುಟಕ್ಕೆ ಮಾತ್ರ. 64 ಪುಟಗಳ, ಬೆನ್ನಿಗೆ ಪಿನ್ ಹೊಡೆದ ಪತ್ರಿಕೆಯೊಂದನ್ನು ಬಿಚ್ಚಿ ನೋಡಿ. ಒಂದೇ ಹಾಳೆಯ ಅಕ್ಕಪಕ್ಕ ಅಚ್ಚಾದ ಪುಟಗಳ ಸಂಖ್ಯೆ ಕೂಡಿಸಿದರೆ ಸದಾ 65. ಅಂದರೆ ಓದುವಾಗ 20 ಮತ್ತು 21 ಎದುರುಬದುರು ಕಂಡರೂ ಮುದ್ರಣದಲ್ಲಿ 20ರ ಜತೆಗಾರ 45, 21ರ ಜತೆಗಾರ 44. ಎರಡು ಕಡೆ ಅಚ್ಚಾದ ಒಂದೇ ಕೆಂಪು ತುಸು ಬೇರೆಯಾಗಿ ಕಾಣಬಹುದು. ಮಡಿಸುವಾಗ ಒಂದು ಮಿಲಿಮೀಟರ್ ಜಾರಿದರೂ ಗೆರೆ ಮುರಿಯುತ್ತದೆ. 32–33 ಮಾತ್ರ ನಿಜವಾಗಿ ಒಂದೇ ಹಾಳೆ. ದೊಡ್ಡ ಚಿತ್ರಕ್ಕೆ ನಡುಪುಟವೇ ಎಂಬ ರೂಢಿಯ ಗುಟ್ಟು ಇಷ್ಟೇ. ಬೇರೆ ಪುಟಗಳಲ್ಲಾದರೆ ಆಕಾಶ, ಕಡಲು, ಗದ್ದೆಯಂಥವನ್ನು ಮಡಿಕೆಗೆ ಬಿಡುವುದು ಕ್ಷೇಮ.

ಎರಡು ಪುಟವನ್ನು ಒಂದೇ ಹರವಾಗಿ ಕಾಣುವ ಕಣ್ಣು ಪತ್ರಿಕೆಗಳಿಗೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಅಮೆರಿಕದ ‘ಹಾರ್ಪರ್ಸ್ ಬಜಾರ್’ಗೆ 1934ರಿಂದ 1958ರವರೆಗೆ ಕಲಾನಿರ್ದೇಶಕರಾಗಿದ್ದ ಅಲೆಕ್ಸಿ ಬ್ರೊಡೊವಿಚ್ ಖಾಲಿ ಬಿಳಿಜಾಗವನ್ನೂ ಚಿತ್ರದಷ್ಟೇ ಮುತುವರ್ಜಿಯಿಂದ ಬಳಸಿದರು. ಅಂಚಿನವರೆಗೂ ಹರಿಯುವ ಫೋಟೋ, ಎದುರಿಗೆ ಸಣ್ಣದೊಂದು ಬರಹದ ಕಂಬ: ಇಂದಿಗೂ ನಾವು ಆ ದಾರಿಯಲ್ಲೇ ಇದ್ದೇವೆ.

ಇಡೀ ಪುಟವನ್ನೇ ತೆಳು ತಗಡಿಗೆ ಇಳಿಸಿ ಅಚ್ಚುಹಾಕುವ ಆಫ್‌ಸೆಟ್ ಬಂದ ಮೇಲೆ ಬ್ಲಾಕಿನ ಹಂಗು ತಪ್ಪಿತು. ಮಣಿಪಾಲದಿಂದ ‘ತರಂಗ’ ವಾರಪತ್ರಿಕೆ ಶುರುವಾದದ್ದು 1983ರಲ್ಲಿ. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ ಬಂದದ್ದು 1985ರಲ್ಲಿ. ಆದರೆ ಯಂತ್ರ ಬದಲಾದರೂ ನಮ್ಮ ಲಿಪಿಯ ಬೇಡಿಕೆ ಬದಲಾಗಲಿಲ್ಲ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಸಮಾಸಪದಗಳು ಉದ್ದ, ಕಾಲಂ ಕಿರಿದಾದರೆ ಪದಗಳ ನಡುವೆ ಹೊಂಡ ಬೀಳುತ್ತದೆ. ಎರಡೂ ಪುಟಕ್ಕೆ ಚಾಚಿದ ತಲೆಬರಹದಲ್ಲಿ ಮಡಿಕೆ ಬೀಳಬೇಕಾದ್ದು ಪದಗಳ ನಡುವೆ, ಪದದ ಒಳಗಲ್ಲ. ಇಂಗ್ಲಿಷ್ ಪತ್ರಿಕೆಯ ಅಚ್ಚುಕಟ್ಟನ್ನು ಹಾಗೆಹಾಗೇ ಎತ್ತಿ ತಂದರೆ ಕನ್ನಡದ ಪುಟ ಉಸಿರುಗಟ್ಟುವುದು ಇದಕ್ಕೇ.

ಈಗ ಪತ್ರಿಕೆ ಮೊಬೈಲಿಗೆ ಪಿಡಿಎಫ್ ಆಗಿ ಬರುತ್ತದೆ. ಒಂದೊಂದೇ ಪುಟ ಸರಿಸುತ್ತ ಹೋದರೆ ಓಟಗಾರ ಒಂದು ಕಡೆ, ಕೋಣಗಳು ಇನ್ನೊಂದು ಕಡೆ. ಹಗ್ಗ ಎಲ್ಲಿಗೂ ಸೇರುವುದಿಲ್ಲ. ಎರಡೆರಡು ಪುಟ ತೋರಿಸುವಂತೆ ಮಾಡಿದರೂ ಮುಖಪುಟವನ್ನು ಒಂಟಿಯಾಗಿ ಬಿಡದಿದ್ದರೆ 1–2, 3–4 ಎಂದು ತಪ್ಪು ಜೋಡಿ ಬೀಳುತ್ತದೆ. ಮುಖಪುಟ ಒಂಟಿಯಾಗಿ, 2ರ ಎದುರು 3 ಬರುವಂತೆ ಇಡುವ ಆಯ್ಕೆ ಪಿಡಿಎಫ್ ತಂತ್ರಾಂಶದಲ್ಲೇ ಇದೆ. ಕಡತ ಕಳಿಸುವ ಮುಂಚೆ ಅದನ್ನು ಕಡತದ ಆರಂಭಿಕ ನೋಟವಾಗಿ ಉಳಿಸಿಟ್ಟರೆ ಒಳ್ಳೆಯದು, ಎಲ್ಲ ಮೊಬೈಲುಗಳೂ ಅದನ್ನು ಪಾಲಿಸದಿದ್ದರೂ.