ಮಲಗಿದರೆ ಒಳಗೆ ಹೋಗುವ ಗಂಟು

ನಿಂತರೆ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು, ಮಲಗಿದರೆ ಮಾಯ. ಎಪ್ಪತ್ತು ದಾಟಿದ ಎಷ್ಟೋ ಅಜ್ಜಂದಿರು ಈ ಹರ್ನಿಯಾವನ್ನು ವರ್ಷಗಟ್ಟಲೆ ಪಂಚೆಯೊಳಗೇ ಬಚ್ಚಿಟ್ಟುಕೊಂಡಿರುತ್ತಾರೆ. ಹೇಳಿಕೊಳ್ಳಲು ನಾಚಿಕೆ. ಹೇಳಿದರೂ "ಈ ವಯಸ್ಸಲ್ಲಿ ಎಂಥ ಆಪರೇಷನ್" ಎಂದು ಮನೆಯವರೇ ಮಾತು ಮುಗಿಸುತ್ತಾರೆ.

ಗಂಡುಮಗು ಗರ್ಭದಲ್ಲಿರುವಾಗ ಬೀಜಗಳು ಹೊಟ್ಟೆಯಿಂದ ಕೆಳಗಿಳಿದು ಬರುತ್ತವಲ್ಲ, ಆ ದಾರಿಯಲ್ಲಿ ಹೊಟ್ಟೆಯ ಗೋಡೆ ಸ್ವಲ್ಪ ಸಡಿಲ. ವಯಸ್ಸಾದಂತೆ ಇನ್ನಷ್ಟು ಸಡಿಲವಾಗುತ್ತದೆ. ಹಳೇ ಕೆಮ್ಮು, ಮಲಬದ್ಧತೆ, ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರಕ್ಕೆ ತಿಣುಕುವುದು ಸೇರಿಕೊಂಡರೆ ಕರುಳು ಅಲ್ಲಿಂದ ಹೊರಗೆ ಇಣುಕುತ್ತದೆ.

ನೋವಿಲ್ಲದಿದ್ದರೆ ಸುಮ್ನೆ ಬಿಡಬಹುದಾ? ಅಮೆರಿಕದಲ್ಲಿ 720 ಗಂಡಸರನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. 2006ರಲ್ಲಿ ಬಂದ ಫಲಿತಾಂಶ ಸಮಾಧಾನ ತರುವಂಥದ್ದು: ಕಾಯುತ್ತಾ ಕುಳಿತವರಲ್ಲಿ ಕರುಳು ಸಿಕ್ಕಿಹಾಕಿಕೊಂಡದ್ದು ವರ್ಷಕ್ಕೆ ಸಾವಿರದಲ್ಲಿ ಇಬ್ಬರಿಗಿಂತ ಕಡಿಮೆ. ಆದರೆ ಹತ್ತು ವರ್ಷದ ಹೊತ್ತಿಗೆ, ಕಾಯುತ್ತಿದ್ದವರ ಪೈಕಿ 65 ದಾಟಿದವರಲ್ಲಿ ಸುಮಾರು ನೂರಕ್ಕೆ 79 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು. ಹೆಚ್ಚಿನವರು ನೋವು ತಾಳಲಾರದೆ. ಅಂದರೆ 68ಕ್ಕೆ ಬೇಡ ಅಂದದ್ದು 76ಕ್ಕೆ ಬೇಕಾಯಿತು, ಅಷ್ಟರಲ್ಲಿ ಬಿಪಿ, ಶುಗರ್ ಎಲ್ಲ ಜೊತೆಗೂಡಿರುತ್ತವೆ. ಇದು ಲಾಭದ ವ್ಯಾಪಾರ ಅಂತ ನನಗನ್ನಿಸುವುದಿಲ್ಲ.

ಭಯ ಪಡಬೇಕಾದದ್ದು ಗಡಿಬಿಡಿಯ ಆಪರೇಷನ್ನಿಗೆ. ಸ್ವೀಡನ್ ತನ್ನ ಹರ್ನಿಯಾ ರೋಗಿಗಳ ಲೆಕ್ಕ ಇಟ್ಟಿದೆ. ಮೊದಲೇ ದಿನ ಗೊತ್ತುಮಾಡಿ ಮಾಡಿದ ಆಪರೇಷನ್ನಿನ ನಂತರದ ಸಾವು ಅದೇ ವಯಸ್ಸಿನ ಉಳಿದ ಜನರಿಗಿಂತ ಜಾಸ್ತಿ ಇರಲಿಲ್ಲ. ತುರ್ತಾಗಿ ಮಾಡಿದರೆ 7 ಪಟ್ಟು. ಕರುಳು ಕೊಳೆತು ಕತ್ತರಿಸಬೇಕಾಗಿ ಬಂದರೆ 20 ಪಟ್ಟು. ಗಂಟು ಗಟ್ಟಿಯಾಗಿ ನೋಯುತ್ತಿದ್ದರೆ, ಒಳಗೆ ಹೋಗದಿದ್ದರೆ, ಜೊತೆಗೆ ವಾಂತಿ ಬಂದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ.

ಅಜ್ಜಿಯಂದಿರ ಕಥೆ ಬೇರೆ. ಅವರಿಗೆ ತೊಡೆಸಂದಿನ ಹರ್ನಿಯಾ ಅಪರೂಪ. ಬಂದರೆ ಸ್ವಲ್ಪ ಕೆಳಗೆ, ತೊಡೆಯ ರಕ್ತನಾಳದ ಪಕ್ಕದ ಕಿರಿದಾದ ಸಂದಿನಲ್ಲಿ ಬರುವುದೂ ಉಂಟು. ಬಾಯಿ ಚಿಕ್ಕದು, ಹಾಗಾಗಿ ಕರುಳು ಬೇಗ ಸಿಕ್ಕಿಕೊಳ್ಳುತ್ತದೆ. ಗಂಟು ಅಡಿಕೆಯಷ್ಟೇ ಇರಬಹುದು, ಸೀರೆಯ ಒಳಗೆ ಯಾರೂ ನೋಡಿರುವುದಿಲ್ಲ. ಹೊಟ್ಟೆನೋವು, ವಾಂತಿ ಅಂದಾಗ ಗ್ಯಾಸ್ಟ್ರಿಕ್ ಗುಳಿಗೆಯಲ್ಲೇ ಎರಡು ದಿನ ಕಳೆದುಹೋಗುತ್ತದೆ. ಇಂಥ ಹರ್ನಿಯಾ ಕಂಡರೆ ಡಾಕ್ಟರುಗಳು ಕಾಯಲು ಹೇಳುವುದಿಲ್ಲ.

ಆಪರೇಷನ್ ಈಗ ಎಷ್ಟು ಹಗುರ ಅಂದರೆ, ಹೃದಯ, ಶ್ವಾಸಕೋಶ ಸರಿಯಿಲ್ಲದವರಿಗೂ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಬಹುದು. ಅಜ್ಜ ಮಾತಾಡುತ್ತಲೇ ಮಲಗಿರುತ್ತಾರೆ. ಹಿಂದೆ ಸಡಿಲ ಜಾಗವನ್ನು ಎಳೆದು ಹೊಲಿಯುತ್ತಿದ್ದರು, ಹಳೇ ಬಟ್ಟೆಯ ಹಾಗೆ ಮತ್ತೆ ಬಿಟ್ಟುಕೊಳ್ಳುತ್ತಿತ್ತು. 1980ರ ದಶಕದಲ್ಲಿ ಲಾಸ್ ಏಂಜಲೀಸಿನ ಇರ್ವಿಂಗ್ ಲಿಕ್ಟೆನ್‌ಸ್ಟೈನ್ ಎಳೆಯುವುದನ್ನು ಬಿಟ್ಟು ಪ್ಲಾಸ್ಟಿಕ್ ಜಾಲರಿಯ ತೇಪೆ ಹಾಕಿದರು. ಆ ಜಾಲರಿ ದುಬಾರಿ ಅಂತ ಮಹಾರಾಷ್ಟ್ರದ ದೊಂಡಾಯಿಚಾದ ಸರ್ಜನ್ ಡಾ. ತೋಂಗಾಂವ್ಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧಗೊಳಿಸಿ ಬಳಸಿದರು! ಮುಂದೆ ಉಗಾಂಡಾದ ಅಧ್ಯಯನವೊಂದರಲ್ಲಿ ಅಂಥ ಬಟ್ಟೆ ದುಬಾರಿ ಜಾಲರಿಗೆ ಸರಿಸಮವಾಗಿ ನಿಂತಿತು.

ಬೆಲ್ಟ್ ಕಟ್ಟಿಕೊಂಡರೆ ಗಂಟು ಒಳಗಿರುತ್ತದೆ, ತೂತು ಹಾಗೇ ಇರುತ್ತದೆ. ಆಪರೇಷನ್ನಿಗೆ ಹೋಗುವಾಗ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಮೂತ್ರ ಕಟ್ಟುತ್ತಿದ್ದರೆ ಅದನ್ನೂ ಹೇಳಿ. ಹೊಲಿಗೆ ಹಾಕಿಸಿಕೊಂಡು ಬಂದ ರಾತ್ರಿ ಅಜ್ಜಂದಿರನ್ನು ಗಾಯಕ್ಕಿಂತ ಹೆಚ್ಚು ಕಾಡುವುದು ಕೆಲವೊಮ್ಮೆ ಅದೇ.